ಹಲ್ಲಿನ ಎಕ್ಸ್-ರೇ: ಹೊಮ್ಮಿಸುವುದು ಸುಲಭ, ತಡೆಯುವುದೇ ವಿದ್ಯೆ

ದವಡೆ ಹಲ್ಲು ನೋಯುತ್ತದೆಂದು ಮಗುವನ್ನು ದಂತವೈದ್ಯರ ಬಳಿಗೆ ಕರೆದೊಯ್ದ ತಂದೆ ತಾಯಿಯ ಕೈಗೆ ಒಂದು ಚೀಟಿ ಬರುತ್ತದೆ. ಅದರಲ್ಲಿ ‘ಐಓಪಿಎ 36’ ಎಂದೋ, ‘ಬೈಟ್‌ವಿಂಗ್’ ಎಂದೋ, ‘ಓಪಿಜಿ’ ಎಂದೋ ಬರೆದಿರುತ್ತದೆ. ಪಕ್ಕದ ಕೋಣೆಯಲ್ಲಿ ಗೋಡೆಗೆ ಜೋಡಿಸಿದ ಮಡಿಸುವ ತೋಳು, ಅದರ ತುದಿಯಲ್ಲಿ ಒಂದು ಲೋಹದ ಪೆಟ್ಟಿಗೆ, ಪೆಟ್ಟಿಗೆಗೊಂದು ಕೊಳವೆಯಂಥ ಮೂತಿ. ಮಗುವಿನ ಬಾಯೊಳಗೆ ಬೆಂಕಿಪೆಟ್ಟಿಗೆಯ ಅಗಲದ ಒಂದು ತುಂಡನ್ನು ಇಡುತ್ತಾರೆ. ‘ಅಲ್ಲಾಡಬೇಡ ಪುಟ್ಟಾ’ ಎಂದು ಹೇಳಿ ವೈದ್ಯರು ಮಾತ್ರ ಹೊರಗೆ ಹೋಗಿಬಿಡುತ್ತಾರೆ! ‘ಬೀಪ್’ ಎಂದು ಸದ್ದಾಗುತ್ತದೆ. ಅಲ್ಲಿಗೆ ಮುಗಿಯಿತು.

ಈ ಒಂದು ಗಳಿಗೆಯಲ್ಲಿ ಪೋಷಕರ ಮನಸ್ಸಿನಲ್ಲಿ ಏಳುವ ಪ್ರಶ್ನೆ ಸಹಜವಾದದ್ದೇ. ಅಪಾಯವಿಲ್ಲ ಎನ್ನುವುದಾದರೆ ವೈದ್ಯರೇಕೆ ಹೊರಗೆ ಹೋದರು? ಅಪಾಯವಿದೆ ಎನ್ನುವುದಾದರೆ ಮಗುವನ್ನೇಕೆ ಒಳಗೆ ಕೂರಿಸಿದರು? ಉತ್ತರ ತಿಳಿಯದೆ ಕೆಲವರು ಹೆದರಿ ಎಕ್ಸ್-ರೇ ಬೇಡವೇ ಬೇಡ ಎನ್ನುತ್ತಾರೆ. ಇನ್ನು ಕೆಲವರು ದೊಡ್ಡ ಚಿತ್ರವಾದರೆ ಹೆಚ್ಚು ಒಳ್ಳೆಯದೆಂದು ತಾವಾಗಿಯೇ ಕೇಳಿ ತೆಗೆಸುತ್ತಾರೆ. ಎರಡೂ ಸರಿಯಲ್ಲ. ಆ ಪೆಟ್ಟಿಗೆಯೊಳಗೆ ಏನೇನಿದೆ, ಪ್ರತಿಯೊಂದು ಭಾಗವೂ ಅಲ್ಲೇಕಿದೆ ಎಂದು ತಿಳಿದರೆ ಹೆದರಿಕೆಯೂ ಹೋಗುತ್ತದೆ, ಅತಿಯಾಸೆಯೂ ಹೋಗುತ್ತದೆ. ಪ್ರೌಢಶಾಲೆಯಲ್ಲಿ ಕಲಿತ ಭೌತಶಾಸ್ತ್ರವೇ ಇದಕ್ಕೆ ಸಾಕು.

ಒಂದು ಮಾತನ್ನು ಮೊದಲೇ ಹೇಳಬಹುದು. ಈ ಯಂತ್ರದಲ್ಲಿ ಕಿರಣವನ್ನು ಹುಟ್ಟಿಸುವ ಭಾಗಗಳು ಕೆಲವೇ. ಉಳಿದವೆಲ್ಲ ಬೇಡದ ಕಿರಣವನ್ನು ತಡೆಯಲೆಂದೇ ಇರುವಂಥವು.

ಇಪ್ಪತ್ತೈದು ನಿಮಿಷದ ಚಿತ್ರ

ಜರ್ಮನಿಯ ವೂರ್ಟ್ಸ್‌ಬರ್ಗ್ ವಿಶ್ವವಿದ್ಯಾಲಯದ ಪ್ರಾಧ್ಯಾಪಕ ವಿಲ್ಹೆಲ್ಮ್ ರಾಂಟ್‌ಜೆನ್ ಈ ಕಿರಣಗಳನ್ನು ಮೊದಲು ಗಮನಿಸಿದ್ದು 1895ರ ನವೆಂಬರ್ 8ರಂದು. ಅವುಗಳ ಸ್ವರೂಪ ತಿಳಿಯದ್ದರಿಂದ ‘ಎಕ್ಸ್’ ಎಂದು ಕರೆದ. ಗೊತ್ತಿಲ್ಲದ್ದಕ್ಕೆ ಕನ್ನಡದವರು ‘ಕ್ಷ’ ಎನ್ನುವುದು ವಾಡಿಕೆ. ಹಾಗಾಗಿ ಕನ್ನಡದಲ್ಲಿ ಅದು ಕ್ಷ-ಕಿರಣವಾಯಿತು. ಅದೇ ಡಿಸೆಂಬರಿನಲ್ಲಿ ರಾಂಟ್‌ಜೆನ್ ತನ್ನ ಹೆಂಡತಿಯ ಕೈಯ ಮೂಳೆಗಳ ಚಿತ್ರ ತೆಗೆದ. 1901ರಲ್ಲಿ ಭೌತಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಬಂದದ್ದು ಅವನಿಗೇ.

ಸುದ್ದಿ ಹರಡಿದ ಕೆಲವೇ ದಿನಗಳಲ್ಲಿ, 1896ರ ಜನವರಿಯಲ್ಲಿ, ಬ್ರೌನ್‌ಶ್ವೈಗ್ ಊರಿನ ದಂತವೈದ್ಯ ಓಟ್ಟೊ ವಾಲ್ಕಾಫ್ ಛಾಯಾಚಿತ್ರದ ಗಾಜಿನ ಫಲಕವನ್ನು ಕಪ್ಪು ಕಾಗದದಲ್ಲಿ ಸುತ್ತಿ ತನ್ನ ಬಾಯಲ್ಲೇ ಇಟ್ಟುಕೊಂಡ. ಕಿರಣದೆದುರು ಅಲುಗಾಡದೆ ಇರಬೇಕಾಗಿ ಬಂದದ್ದು 25 ನಿಮಿಷ! ಇಂದಿನ ಯಂತ್ರಕ್ಕೆ ಸೆಕೆಂಡಿನ ಐದನೇ ಒಂದು ಭಾಗ ಸಾಕು. 25 ನಿಮಿಷವೆಂದರೆ 1500 ಸೆಕೆಂಡು. ಅಂದರೆ ಕಾಲ 7500 ಪಟ್ಟು ಕಡಿಮೆಯಾಗಿದೆ.

ಈ ಇಳಿಕೆ ಬಿಟ್ಟಿಯಾಗಿ ಬಂದದ್ದಲ್ಲ. ಅಮೆರಿಕದ ನ್ಯೂ ಆರ್ಲಿಯನ್ಸ್ ನಗರದ ದಂತವೈದ್ಯ ಎಡ್ಮಂಡ್ ಕೆಲ್ಸ್ ಆ ದೇಶದಲ್ಲಿ ಹಲ್ಲಿನ ಎಕ್ಸ್-ರೇ ತೆಗೆದ ಮೊದಲಿಗರಲ್ಲಿ ಒಬ್ಬ. ಆ ಕಾಲದ ಕೊಳವೆಗಳಲ್ಲಿ ಸ್ವಲ್ಪ ಅನಿಲ ಉಳಿದಿರುತ್ತಿತ್ತು. ಪ್ರತಿ ಸಲವೂ ಅದರ ಹದ ಬೇರೆ. ಹದ ನೋಡಲು ವೈದ್ಯರು ತಮ್ಮ ಕೈಯನ್ನೇ ಕೊಳವೆಯ ಮುಂದೆ ಒಡ್ಡಿ, ಹೊಳೆಯುವ ಪರದೆಯ ಮೇಲೆ ಮೂಳೆ ಸ್ಪಷ್ಟವಾಗಿ ಕಾಣುವವರೆಗೆ ಹೊಂದಿಸುತ್ತಿದ್ದರು. ಕೆಲ್ಸ್ ವರ್ಷಾನುಗಟ್ಟಲೆ ಹೀಗೆ ಮಾಡಿದ. ಕೈಗೆ ಕ್ಯಾನ್ಸರ್ ಹತ್ತಿತು. ಮೊದಲು ಬೆರಳುಗಳು, ಆಮೇಲೆ ಕೈ, ಕೊನೆಗೆ ತೋಳೇ ಹೋಯಿತು. ಆ ನೋವಿನಲ್ಲೇ 1928ರಲ್ಲಿ ಅವನ ಬದುಕು ಮುಗಿಯಿತು.

ಬಾಸ್ಟನ್ನಿನ ಇನ್ನೊಬ್ಬ ದಂತವೈದ್ಯ ವಿಲಿಯಂ ರಾಲಿನ್ಸ್ 1898ರಲ್ಲಿ ತನ್ನ ಕೈ ಸುಟ್ಟುಕೊಂಡ. ಅವನು ಅಷ್ಟಕ್ಕೇ ಸುಮ್ಮನಾಗದೆ ಗಿನಿಯಿಲಿಗಳ ಮೇಲೆ ಪ್ರಯೋಗ ನಡೆಸಿ, ಈ ಕಿರಣ ಜೀವ ತೆಗೆಯಬಲ್ಲದೆಂದು 1901ರಲ್ಲಿ ಪ್ರಕಟಿಸಿದ. ಕೊಳವೆಯನ್ನು ಕಿರಣ ದಾಟದ ಪೆಟ್ಟಿಗೆಯಲ್ಲಿ ಮುಚ್ಚಿಡಿ, ಬೇಕಾದಷ್ಟೇ ಕಿರಣ ಹೊರಬರಲು ಕಿಂಡಿ ಬಿಡಿ, ರೋಗಿಯ ಉಳಿದ ಮೈಗೆ ಮರೆ ಕಟ್ಟಿ ಎಂದು ಅವನು ಹೇಳಿದ. ಆಗ ಕೇಳಿದವರು ಕಡಿಮೆ. ಇಂದಿನ ಯಂತ್ರವನ್ನು ಬಿಚ್ಚಿ ನೋಡಿದರೆ ಅವನ ಮಾತೇ ಅಲ್ಲಿ ಲೋಹದ ರೂಪ ತಾಳಿ ಕುಳಿತಿರುವುದು ಕಾಣುತ್ತದೆ.

ಪೆಟ್ಟಿಗೆಯೊಳಗೆ

ಯಂತ್ರದಲ್ಲಿ ಹೊರಗಿನಿಂದ ಕಾಣುವುದು ಮೂರು ಭಾಗ. ಗುಂಡಿಗಳಿರುವ ನಿಯಂತ್ರಣ ಫಲಕ ಒಂದು. ಬೇಕಾದ ಕಡೆಗೆ ತಿರುಗಿಸಲು ಬರುವ, ಒಳಗೆ ವಿದ್ಯುತ್ ತಂತಿಗಳು ಹಾದುಹೋಗುವ ತೋಳು ಎರಡನೆಯದು. ಟ್ಯೂಬ್ ಹೆಡ್ ಎನ್ನುವ ತಲೆಪೆಟ್ಟಿಗೆ ಮೂರನೆಯದು. ನಿಜವಾದ ಕೆಲಸವೆಲ್ಲ ನಡೆಯುವುದು ಈ ತಲೆಯಲ್ಲಿ.

ಅದರೊಳಗೆ ಗಾಳಿ ತೆಗೆದ ಒಂದು ಗಾಜಿನ ಕೊಳವೆ. ಕೊಳವೆಯ ಒಂದು ಕೊನೆಯಲ್ಲಿ ಕ್ಯಾಥೋಡ್ ಎಂಬ ಋಣಾಗ್ರ, ಇನ್ನೊಂದು ಕೊನೆಯಲ್ಲಿ ಆನೋಡ್ ಎಂಬ ಧನಾಗ್ರ. ಋಣಾಗ್ರದಲ್ಲಿ ಟಂಗ್‌ಸ್ಟನ್ ತಂತಿಯ ಸಣ್ಣ ಸುರುಳಿ, ಅಂದರೆ ಫಿಲಮೆಂಟ್. ಹಳೆಯ ಕಾಲದ ವಿದ್ಯುತ್ ಬಲ್ಬಿನಲ್ಲಿ ಇದ್ದದ್ದೂ ಇದೇ. ಕಾದ ತಂತಿಯಿಂದ ಎಲೆಕ್ಟ್ರಾನುಗಳು, ಕುದಿಯುವ ನೀರಿನಿಂದ ಹಬೆ ಏಳುವಂತೆ, ಹೊರಬಿದ್ದು ಸುತ್ತ ಮೋಡದಂತೆ ನಿಲ್ಲುತ್ತವೆ. ಅವು ಚೆಲ್ಲಾಪಿಲ್ಲಿಯಾಗದಂತೆ ಒಟ್ಟುಗೂಡಿಸಲು ಮಾಲಿಬ್ಡಿನಂ ಲೋಹದ ಒಂದು ಪುಟ್ಟ ಬಟ್ಟಲಿದೆ. ಇದು ಫೋಕಸಿಂಗ್ ಕಪ್. ಅದಕ್ಕೂ ಋಣ ವಿದ್ಯುದಂಶ ಇರುವುದರಿಂದ ಎಲೆಕ್ಟ್ರಾನುಗಳನ್ನು ಅದು ಎಲ್ಲ ಕಡೆಯಿಂದ ಒತ್ತಿ ಸಣ್ಣ ಧಾರೆಯಾಗಿಸುತ್ತದೆ.

ಎದುರಿನ ಧನಾಗ್ರದಲ್ಲಿ ಟಂಗ್‌ಸ್ಟನ್ನಿನ ಒಂದು ಸಣ್ಣ ಬಿಲ್ಲೆ. ಇದಕ್ಕೆ ಟಾರ್ಗೆಟ್ ಅಥವಾ ಗುರಿ ಎಂದು ಹೆಸರು. ಗುಂಡಿ ಒತ್ತಿದಾಗ ಎರಡು ಕೊನೆಗಳ ನಡುವೆ ಸುಮಾರು 60ರಿಂದ 70 ಸಾವಿರ ವೋಲ್ಟಿನಷ್ಟು ವಿಭವಾಂತರ ಏರ್ಪಡುತ್ತದೆ. ಎಲೆಕ್ಟ್ರಾನುಗಳು ಅತ್ತ ನುಗ್ಗುತ್ತವೆ. 70 ಸಾವಿರ ವೋಲ್ಟಿನಲ್ಲಿ ಅವುಗಳ ವೇಗ ಬೆಳಕಿನ ವೇಗದ ಅರ್ಧಕ್ಕೆ ಹತ್ತಿರ! ಅಷ್ಟು ವೇಗದಲ್ಲಿ ಬಂದು ಟಂಗ್‌ಸ್ಟನ್ ಪರಮಾಣುಗಳ ಬೀಜದ ಬಳಿ ತಟ್ಟನೆ ತಡೆಯಲ್ಪಟ್ಟಾಗ ಕಳೆದುಕೊಂಡ ಶಕ್ತಿ ಕ್ಷ-ಕಿರಣವಾಗಿ ಹೊಮ್ಮುತ್ತದೆ.

ಆದರೆ ಲೆಕ್ಕ ನೋಡಿದರೆ ಇದು ಬಹಳ ದುಂದಿನ ವ್ಯಾಪಾರ. ಎಲೆಕ್ಟ್ರಾನುಗಳ ಶಕ್ತಿಯಲ್ಲಿ ಕ್ಷ-ಕಿರಣವಾಗುವುದು ನೂರಕ್ಕೆ ಒಂದು ಪಾಲಿಗೂ ಕಡಿಮೆ. ಉಳಿದ 99 ಪಾಲು ಬರೀ ಶಾಖ. ಆ ಶಾಖವೆಲ್ಲ ಬೀಳುವುದು ಒಂದು ಮಿಲಿಮೀಟರಿಗಿಂತ ಸಣ್ಣ ಚುಕ್ಕೆಯ ಮೇಲೆ. ಟಂಗ್‌ಸ್ಟನ್ನನ್ನೇ ಆರಿಸಿಕೊಂಡಿರುವುದು ಇದಕ್ಕಾಗಿ. ಅದು ಕರಗುವುದು 3422 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಅದರ ಪರಮಾಣು ಸಂಖ್ಯೆಯೂ ದೊಡ್ಡದು, 74. ಬಿಲ್ಲೆಯನ್ನು ದಪ್ಪನೆಯ ತಾಮ್ರದ ದಂಡದಲ್ಲಿ ಹುದುಗಿಸಿರುತ್ತಾರೆ. ಬಿಸಿನೀರಿನ ತಾಮ್ರದ ಹಂಡೆ ಬೇಗ ಕಾಯುವುದೇಕೆಂದು ಬಲ್ಲ ಮನೆಯವರಿಗೆ ಇದನ್ನು ವಿವರಿಸಬೇಕಿಲ್ಲ. ತಾಮ್ರ ಶಾಖವನ್ನು ಬೇಗನೆ ಎಳೆದು ಹೊರಗೆ ಸಾಗಿಸುತ್ತದೆ.

ಚುಕ್ಕೆ ಅಷ್ಟು ಸಣ್ಣದೇಕಿರಬೇಕು? ಒಂದು ಸುಲಭ ಪ್ರಯೋಗ ಇದನ್ನು ತಿಳಿಸುತ್ತದೆ. ಉದ್ದನೆಯ ಟ್ಯೂಬ್‌ಲೈಟಿನ ಬೆಳಕಿನಲ್ಲಿ ಗೋಡೆಯ ಮೇಲೆ ಬೀಳುವ ಕೈಯ ನೆರಳಿನ ಅಂಚು ಮಸುಕು. ಸಣ್ಣ ಟಾರ್ಚಿನ ಬೆಳಕಿನಲ್ಲಿ ಅದೇ ನೆರಳಿನ ಅಂಚು ಚೂಪು. ಎಕ್ಸ್-ರೇ ಚಿತ್ರವೂ ಒಂದು ನೆರಳೇ. ಕಿರಣದ ಮೂಲ ಸಣ್ಣದಾದಷ್ಟೂ ಹಲ್ಲಿನ ಅಂಚು ಸ್ಪಷ್ಟ.

ಕಾದ ತಂತಿಯ ಈ ಕೊಳವೆಯನ್ನು 1913ರಲ್ಲಿ ಹೊರತಂದವನು ಅಮೆರಿಕದ ವಿಲಿಯಂ ಕೂಲಿಡ್ಜ್. ಅಂದಿನಿಂದ ಕಿರಣದ ಹದ ಗುಂಡಿಯ ಹಿಡಿತಕ್ಕೆ ಬಂತು. ಕೈ ಒಡ್ಡಿ ನೋಡುವ ಕಾಲ ಮುಗಿಯಿತು.

ಮೂರು ಗುಂಡಿ, ಮೂರು ಅರ್ಥ

ಮನೆಗೆ ಬರುವ ವಿದ್ಯುತ್ತು ಸುಮಾರು 230 ವೋಲ್ಟ್. ಫಿಲಮೆಂಟ್ ಕಾಯಿಸಲು ಬೇಕಾದದ್ದು 3ರಿಂದ 5 ವೋಲ್ಟ್; ಎಲೆಕ್ಟ್ರಾನುಗಳನ್ನು ಓಡಿಸಲು ಬೇಕಾದದ್ದು ಎಪ್ಪತ್ತು ಸಾವಿರ ವೋಲ್ಟಿನ ಆಸುಪಾಸು. ಆದ್ದರಿಂದ ಒತ್ತಡ ಇಳಿಸುವ ಒಂದು ಪರಿವರ್ತಕ, ಏರಿಸುವ ಒಂದು ಪರಿವರ್ತಕ, ಎರಡೂ ಆ ತಲೆಯೊಳಗೇ ಇರುತ್ತವೆ. ಸುರುಳಿಗಳ ಸುತ್ತಿನ ಲೆಕ್ಕ ಪಾಠದಲ್ಲಿ ಓದಿದ್ದೇ.

ಫಲಕದ ಮೇಲೆ ವೈದ್ಯರು ಗಮನಿಸುವುದು ಮೂರು ಸಂಖ್ಯೆ: ಕಿಲೋವೋಲ್ಟ್, ಮಿಲಿ ಆಂಪಿಯರ್, ಕಾಲ. ಮಾವಿನ ಮರಕ್ಕೆ ಕಲ್ಲೆಸೆಯುವ ಹುಡುಗರನ್ನು ನೆನೆದರೆ ಇವುಗಳ ವ್ಯತ್ಯಾಸ ಮರೆಯದು. ಒಂದು ನಿಮಿಷಕ್ಕೆ ಎಷ್ಟು ಕಲ್ಲು ಎಂಬುದು ಮಿಲಿ ಆಂಪಿಯರ್. ಪ್ರತಿ ಕಲ್ಲನ್ನು ಎಷ್ಟು ಬಲವಾಗಿ ಬೀಸಿದರು ಎಂಬುದು ಕಿಲೋವೋಲ್ಟ್. ಎಷ್ಟು ಹೊತ್ತು ಎಸೆದರು ಎಂಬುದು ಕಾಲ. ಮಿಲಿ ಆಂಪಿಯರ್ ಮತ್ತು ಕಾಲ ಹೆಚ್ಚಿದರೆ ಕಿರಣದ ಪ್ರಮಾಣ ಹೆಚ್ಚುತ್ತದೆ, ಚಿತ್ರ ಕಪ್ಪಾಗುತ್ತದೆ. ಕಿಲೋವೋಲ್ಟ್ ಹೆಚ್ಚಿದರೆ ಕಿರಣದ ತೂರುವ ಶಕ್ತಿ ಹೆಚ್ಚುತ್ತದೆ, ಕಪ್ಪು ಬಿಳುಪಿನ ನಡುವಿನ ಅಂತರ ತಗ್ಗಿ ಬೂದು ಛಾಯೆಗಳು ಹೆಚ್ಚಾಗಿ ಮೂಡುತ್ತವೆ. ಚಿತ್ರದ ಒಟ್ಟು ಕಪ್ಪಿಗೆ ಡೆನ್ಸಿಟಿ, ಕಪ್ಪು ಬಿಳುಪಿನ ಅಂತರಕ್ಕೆ ಕಾಂಟ್ರಾಸ್ಟ್ ಎಂದು ಹೆಸರು. ಮಗುವಿನ ಮೂಳೆ ತೆಳು, ದವಡೆ ಚಿಕ್ಕದು. ಹಿರಿಯರಿಗೆ ಇಟ್ಟ ಕಾಲವನ್ನೇ ಮಗುವಿಗೂ ಇಡಬೇಕಿಲ್ಲ, ಕಡಿಮೆ ಸಾಕು.

ವಿದ್ಯಾರ್ಥಿಗಳಿಗೆ ಒಂದು ಸಣ್ಣ ಲೆಕ್ಕ. ಭಾರತದ ಪರ್ಯಾಯ ವಿದ್ಯುತ್ತು ಸೆಕೆಂಡಿಗೆ 50 ಆವರ್ತನ. ಸಾದಾ ಯಂತ್ರದಲ್ಲಿ ಫಿಲಮೆಂಟ್ ಋಣವಾಗಿ, ಗುರಿ ಧನವಾಗಿ ಇರುವ ಅರ್ಧ ಆವರ್ತನದಲ್ಲಿ ಮಾತ್ರ ಎಲೆಕ್ಟ್ರಾನುಗಳು ದಾಟುತ್ತವೆ. ಹಾಗಾದರೆ 0.2 ಸೆಕೆಂಡಿನಲ್ಲಿ ಎಷ್ಟು ಸಲ ಕಿರಣ ಮಿಡಿಯಿತು? ಹತ್ತು ಸಲ. ಅಲ್ಲಿಗೆ ಒಂದು ಚಿತ್ರವೆಂದರೆ ಹತ್ತು ಮಿಡಿತ. ಹೊಸ ಬಗೆಯ ಯಂತ್ರಗಳಲ್ಲಿ ನೇರ ವಿದ್ಯುತ್ತಿನಂತೆ ಒತ್ತಡ ಸಮನಾಗಿರುವುದರಿಂದ ಕಿರಣವೂ ಎಡೆಬಿಡದೆ ಬರುತ್ತದೆ.

ಗುಂಡಿಯ ಇನ್ನೊಂದು ಗುಣವನ್ನೂ ಗಮನಿಸಬೇಕು. ಬೆರಳು ತೆಗೆದೊಡನೆ ಕಿರಣ ನಿಲ್ಲುತ್ತದೆ. ಮಗು ಮಧ್ಯದಲ್ಲಿ ಅಲುಗಾಡಿದರೆ ವೈದ್ಯರು ಬೆರಳು ಬಿಟ್ಟರಾಯಿತು. ದೀಪ ಆರಿಸಿದ ಮೇಲೆ ಕೋಣೆಯಲ್ಲಿ ಬೆಳಕು ಹೇಗೆ ಉಳಿಯದೋ ಹಾಗೆಯೇ ‘ಬೀಪ್’ ಸದ್ದು ನಿಂತ ಮೇಲೆ ಕ್ಷ-ಕಿರಣ ಕೋಣೆಯಲ್ಲಾಗಲಿ, ಬಾಯಲ್ಲಾಗಲಿ ಉಳಿಯುವುದಿಲ್ಲ. ಎಕ್ಸ್-ರೇ ತೆಗೆಸಿಕೊಂಡ ಮಗುವನ್ನು ಎತ್ತಿಕೊಳ್ಳಲು ಹಿಂಜರಿಯುವವರು ಈ ಮಾತನ್ನು ನೆನಪಿಡಬೇಕು.

ತಡೆಯುವ ಅಂಗಗಳು

ಕ್ಷ-ಕಿರಣ ಗುರಿಯಿಂದ ಒಂದೇ ದಿಕ್ಕಿಗೆ ಹೋಗುವುದಿಲ್ಲ, ಸುತ್ತಲೂ ಹರಡುತ್ತದೆ. ಬೇಕಾದದ್ದು ಒಂದು ಕಿಂಡಿಯಷ್ಟು ಮಾತ್ರ. ಆದ್ದರಿಂದಲೇ ತಲೆಪೆಟ್ಟಿಗೆಯ ಲೋಹದ ಹೊದಿಕೆ. ಒಳಗೆ ಸೀಸದ ತಡೆ ಇದ್ದು ಬೇರೆ ಕಡೆಗೆ ಹೊರಟ ಕಿರಣವನ್ನು ಅಲ್ಲೇ ನುಂಗುತ್ತದೆ. ಕೊಳವೆ ಮುಳುಗಿರುವುದು ವಿಶೇಷ ಎಣ್ಣೆಯಲ್ಲಿ. ಎಪ್ಪತ್ತು ಸಾವಿರ ವೋಲ್ಟ್ ಹೊರಗೆ ಚಿಮ್ಮದಂತೆ ಅದು ಅವಾಹಕವಾಗಿಯೂ, ತಾಮ್ರದಿಂದ ಬಂದ ಶಾಖವನ್ನು ಹೀರುವ ತಣ್ಣೀರಿನಂತೆಯೂ ಕೆಲಸ ಮಾಡುತ್ತದೆ.

ಕಿಂಡಿಯಿಂದ ಹೊರಟ ಕಿರಣಗಳೆಲ್ಲವೂ ಒಂದೇ ಬಲದವಲ್ಲ. ಬಲವಾದವು ಕೆನ್ನೆ, ಹಲ್ಲು ದಾಟಿ ಆಚೆಗೆ ಹೋಗಬಲ್ಲವು. ದುರ್ಬಲವಾದವು ಚರ್ಮದಲ್ಲೇ ಇಂಗಿಬಿಡುತ್ತವೆ. ಚಿತ್ರಕ್ಕೆ ಅವುಗಳಿಂದ ಕಿಂಚಿತ್ತೂ ಉಪಯೋಗವಿಲ್ಲ, ಮೈಗೆ ಮಾತ್ರ ಹೊರೆ. ಇವುಗಳನ್ನು ಸೋಸಲು ದಾರಿಯಲ್ಲಿ ಅಲ್ಯೂಮಿನಿಯಂ ತಗಡು ಇಟ್ಟಿದ್ದಾರೆ. ಇದಕ್ಕೆ ಫಿಲ್ಟರ್ ಎಂದು ಹೆಸರು. 70 ಕಿಲೋವೋಲ್ಟ್‌ವರೆಗಿನ ಯಂತ್ರಕ್ಕೆ ಇದರ ಒಟ್ಟು ದಪ್ಪ ಕನಿಷ್ಠ 1.5 ಮಿ.ಮೀ., ಅದಕ್ಕೆ ಮೇಲ್ಪಟ್ಟದ್ದಕ್ಕೆ 2.5 ಮಿ.ಮೀ. ಇರಬೇಕೆಂಬುದು ರೂಢಿಯ ನಿಯಮ. ಹಿಟ್ಟಿನ ಜರಡಿಯಲ್ಲಿ ದಪ್ಪ ತರಿ ಮೇಲೆ ಉಳಿಯುತ್ತದೆ, ಸಣ್ಣದು ಕೆಳಗಿಳಿಯುತ್ತದೆ. ಇಲ್ಲಿ ತಿರುಗುಮುರುಗು: ಬಲವಾದದ್ದು ದಾಟುತ್ತದೆ, ದುರ್ಬಲವಾದದ್ದು ನಿಲ್ಲುತ್ತದೆ.

ಮುಂದಿನದು ಕೊಲಿಮೇಟರ್: ನಡುವೆ ತೂತಿರುವ ಸೀಸದ ಫಲಕ. ಕಿರಣದ ಕಂತೆ ಎಷ್ಟು ಅಗಲವಿರಬೇಕೆಂದು ನಿರ್ಧರಿಸುವುದು ಇದು. ತೂತು ದುಂಡಗಿದ್ದರೆ ಕೆನ್ನೆಯ ಮೇಲೆ ಬೀಳುವ ವೃತ್ತದ ವ್ಯಾಸ 7 ಸೆಂ.ಮೀ. ಮೀರಬಾರದು. ಇಲ್ಲೂ ಒಂದು ಲೆಕ್ಕ ಮಾಡಬಹುದು. 7 ಸೆಂ.ಮೀ. ವ್ಯಾಸದ ವೃತ್ತದ ವಿಸ್ತೀರ್ಣ 38.5 ಚದರ ಸೆಂ.ಮೀ. ಹಿರಿಯರ ಬಾಯಲ್ಲಿಡುವ ಸಾಮಾನ್ಯ ಫಿಲಂ 31 ಮಿ.ಮೀ. ಅಗಲ, 41 ಮಿ.ಮೀ. ಉದ್ದ. ಅದರ ವಿಸ್ತೀರ್ಣ 12.7 ಚದರ ಸೆಂ.ಮೀ. ಅಂದರೆ ಕಿರಣದ ಮೂರರಲ್ಲಿ ಒಂದು ಪಾಲು ಮಾತ್ರ ಫಿಲಂ ಮೇಲೆ ಬೀಳುತ್ತದೆ. ಎರಡು ಪಾಲು ಸುಮ್ಮನೆ ಮುಖದ ಪಾಲು! ತೂತನ್ನು ಫಿಲಂನ ಆಕಾರಕ್ಕೇ ಚೌಕಟ್ಟಾಗಿ ಮಾಡಿದರೆ ಈ ವ್ಯರ್ಥದಲ್ಲಿ ಬಹುಪಾಲು ಉಳಿಯುತ್ತದೆ. ಆಯತಾಕಾರದ ಕೊಲಿಮೇಟರ್ ಬಳಸಿರೆಂದು ತಜ್ಞರು ಒತ್ತಿ ಹೇಳುವುದು ಇದಕ್ಕಾಗಿಯೇ. ಹೈಸ್ಕೂಲಿನ ಕ್ಷೇತ್ರಗಣಿತ ಎಲ್ಲಿ ಕೆಲಸಕ್ಕೆ ಬರುತ್ತದೆ ಎಂದು ಕೇಳುವ ಮಕ್ಕಳಿಗೆ ಇದು ಒಳ್ಳೆಯ ಉತ್ತರ.

ಕೊನೆಯದು ಕೆನ್ನೆಯ ಹತ್ತಿರ ಬರುವ ಕೊಳವೆಯಂಥ ಮೂತಿ. ಇದನ್ನು ಈಗಲೂ ‘ಕೋನ್’ ಎನ್ನುವುದುಂಟು. ಹಿಂದೆ ಅದು ನಿಜವಾಗಿ ಚೂಪಾದ ಪ್ಲಾಸ್ಟಿಕ್ ಶಂಕುವೇ ಆಗಿತ್ತು. ಕಿರಣ ಆ ಪ್ಲಾಸ್ಟಿಕ್ಕಿಗೆ ತಾಗಿ ಅಡ್ಡಾದಿಡ್ಡಿ ಚದರುತ್ತದೆಂದು ತಿಳಿದ ಮೇಲೆ ತುದಿ ತೆರೆದ ಕೊಳವೆ ಬಂತು. ಆಕಾರ ಹೋದರೂ ಹೆಸರು ಉಳಿಯಿತು. ಸುಮಾರು 20 ಸೆಂ.ಮೀ. ಉದ್ದದ್ದೂ 40 ಸೆಂ.ಮೀ. ಉದ್ದದ್ದೂ ಇವೆ. ದೂರ ಎರಡು ಪಟ್ಟಾದರೆ ಕಿರಣದ ತೀವ್ರತೆ ನಾಲ್ಕನೇ ಒಂದಕ್ಕೆ ಇಳಿಯುತ್ತದೆ ಎಂಬ ವಿಲೋಮ ವರ್ಗ ನಿಯಮ ಇಲ್ಲಿ ಅನ್ವಯಿಸುತ್ತದೆ. ಹಾಗಾಗಿ ಉದ್ದ ಕೊಳವೆಗೆ ಹೆಚ್ಚು ಕಾಲ ಬೇಕು. ಆದರೆ ದೂರದಿಂದ ಬಂದ ಕಿರಣ ಕಡಿಮೆ ಹರಡುವುದರಿಂದ ಮುಖದ ಕಡಿಮೆ ಭಾಗ ಕಿರಣಕ್ಕೆ ಸಿಕ್ಕುತ್ತದೆ, ಚಿತ್ರವೂ ಸ್ಪಷ್ಟ.

ಬಾಯೊಳಗಿನ ತುಂಡು

ಕಿರಣವನ್ನು ಹಿಡಿಯುವುದು ಬಾಯೊಳಗಿನ ಆ ತುಂಡು. ಫಿಲಂ ಆದರೆ ಅದರ ಮೇಲೆ ಸಿಲ್ವರ್ ಬ್ರೋಮೈಡ್ ಹರಳುಗಳ ಲೇಪ. ಹಿಂದೆ ಸೀಸದ ತೆಳು ಹಾಳೆ. ಫಿಲಂ ದಾಟಿದ ಕಿರಣ ನಾಲಗೆಯತ್ತ ಹೋಗದಂತೆ, ಅತ್ತಲಿಂದ ಚದರಿ ಮರಳಿ ಬಂದು ಚಿತ್ರವನ್ನು ಮಸುಕು ಮಾಡದಂತೆ ಆ ಹಾಳೆ ತಡೆಯುತ್ತದೆ. ಇಲ್ಲೂ ಮತ್ತೆ ತಡೆಯೇ! ಫಿಲಂನ ಮೂಲೆಯಲ್ಲಿ ಒಂದು ಉಬ್ಬಿದ ಚುಕ್ಕೆ ಇರುತ್ತದೆ. ಉಬ್ಬು ಕಿರಣ ಬರುವ ಕಡೆಗಿರಬೇಕು. ಚಿತ್ರ ಬಲಗಡೆಯ ಹಲ್ಲಿನದೋ ಎಡಗಡೆಯದೋ ಎಂದು ಆಮೇಲೆ ಗುರುತಿಸುವುದು ಅದರಿಂದಲೇ.

1987ರಲ್ಲಿ ಫ್ರಾನ್ಸಿನ ಫ್ರಾನ್ಸಿಸ್ ಮೂಯೆನ್ ಫಿಲಂ ಬದಲು ವಿದ್ಯುತ್ ಸಂವೇದಕವನ್ನು ಬಾಯಲ್ಲಿಡುವ ವಿಧಾನ ತಂದ. ಇಂದು ಅನೇಕ ಕಡೆ ಇರುವುದು ಈ ಸೆನ್ಸರ್. ಕತ್ತಲೆ ಕೋಣೆ, ಡೆವಲಪರ್, ಫಿಕ್ಸರ್ ಯಾವುದೂ ಬೇಡ. ಚಿತ್ರ ಕಂಪ್ಯೂಟರ್ ಪರದೆಯ ಮೇಲೆ ಕ್ಷಣದಲ್ಲಿ ಬರುತ್ತದೆ, ಕಿರಣವೂ ಕಡಿಮೆ ಸಾಕು. ಒಂದೇ ಸೆನ್ಸರ್ ಎಲ್ಲರ ಬಾಯಿಗೂ ಹೋಗುವುದರಿಂದ ಪ್ರತಿಯೊಬ್ಬರಿಗೂ ಹೊಸ ಪ್ಲಾಸ್ಟಿಕ್ ಹೊದಿಕೆ ಹಾಕಬೇಕು.

ಕಪ್ಪು ಬಿಳುಪಿನ ಭಾಷೆ

ಚಿತ್ರ ಓದುವ ಸೂತ್ರ ಒಂದೇ. ಕಿರಣ ದಾಟಿದ ಕಡೆ ಕಪ್ಪು, ತಡೆದ ಕಡೆ ಬಿಳುಪು. ದಾಟಗೊಡುವ ವಸ್ತು ರೇಡಿಯೊಲೂಸೆಂಟ್, ತಡೆಯುವ ವಸ್ತು ರೇಡಿಯೊಪೇಕ್. ಮಾಂಸದಲ್ಲಿ ಹೆಚ್ಚಾಗಿರುವ ಇಂಗಾಲದ ಪರಮಾಣು ಸಂಖ್ಯೆ 6, ಆಮ್ಲಜನಕದ್ದು 8. ಹಲ್ಲು ಮೂಳೆಗಳಲ್ಲಿರುವ ಕ್ಯಾಲ್ಸಿಯಂನದು 20. ಸಂಖ್ಯೆ ಹೆಚ್ಚಿದಷ್ಟೂ ತಡೆ ಹೆಚ್ಚು. ಲೋಹ ತುಂಬಿದ ಹಲ್ಲು ಅಚ್ಚ ಬಿಳಿ. ಹಲ್ಲಿನ ಹೊರಕವಚ ಎನಾಮಲ್ ತೂಕದಲ್ಲಿ ಸುಮಾರು 96 ಪಾಲು ಖನಿಜ, ಆದ್ದರಿಂದ ಬೆಳ್ಳಗೆ. ಅದರೊಳಗಿನ ಡೆಂಟಿನ್ ತುಸು ಬೂದು. ನಡುವೆ ನರ, ರಕ್ತನಾಳಗಳಿರುವ ಪಲ್ಪ್ ಕಪ್ಪು. ಬೇರಿನ ಸುತ್ತ ಒಂದು ತೆಳು ಕಪ್ಪು ಗೆರೆ, ಅದರಾಚೆ ಒಂದು ತೆಳು ಬಿಳಿ ಗೆರೆ. ಆರೋಗ್ಯವಂತ ಹಲ್ಲಿಗೆ ಈ ಜೋಡಿ ಗೆರೆಗಳೇ ಸಾಕ್ಷಿ. ಹುಳುಕು ಖನಿಜವನ್ನು ಕರಗಿಸುವುದರಿಂದ ಬಿಳಿಯ ನಡುವೆ ಕಪ್ಪು ಕಲೆಯಾಗಿ ಕಾಣುತ್ತದೆ. ಬೇರಿನ ತುದಿಯಲ್ಲಿ ಗುಂಡನೆಯ ಕಪ್ಪು ನೆರಳಿದ್ದರೆ ಅಲ್ಲಿ ಕೀವು ಅಥವಾ ಸೋಂಕು ಮೂಳೆಯನ್ನು ತಿಂದಿರುವ ಸೂಚನೆ.

ಇನ್ನು ಚೀಟಿಯ ಹೆಸರುಗಳು. ಐಓಪಿಎ ಎಂದರೆ ಒಂದೆರಡು ಹಲ್ಲುಗಳನ್ನು ತಲೆಯಿಂದ ಬೇರಿನ ತುದಿಯವರೆಗೆ ತೋರಿಸುವ ಚಿತ್ರ. ಬೈಟ್‌ವಿಂಗ್ ಎಂದರೆ ಫಿಲಂಗೆ ಅಂಟಿಸಿದ ರೆಕ್ಕೆಯಂಥ ಪಟ್ಟಿಯನ್ನು ಕಚ್ಚಿ ಹಿಡಿದು ಮೇಲಿನ ಕೆಳಗಿನ ಹಲ್ಲುಗಳ ತಲೆಗಳನ್ನು ಒಟ್ಟಿಗೆ ತೆಗೆಯುವುದು. ಎರಡು ಹಲ್ಲುಗಳ ಸಂದಿಯಲ್ಲಿ ಅಡಗಿದ ಹುಳುಕನ್ನು ಹಿಡಿಯುವುದು ಇದೇ. 1925ರಲ್ಲಿ ಅಮೆರಿಕದ ಹೋವರ್ಡ್ ರೇಪರ್ ಇದನ್ನು ರೂಢಿಗೆ ತಂದ. ಓಪಿಜಿಯಲ್ಲಿ ಯಂತ್ರ ತಲೆಯ ಸುತ್ತ ತಿರುಗಿ ಎರಡೂ ದವಡೆಗಳನ್ನು ಒಂದೇ ಪಟದಲ್ಲಿ ತೋರಿಸುತ್ತದೆ. ಹಾಲುಹಲ್ಲಿನ ಕೆಳಗೆ ಸರದಿಯಲ್ಲಿ ಕಾದಿರುವ ಕಾಯಂ ಹಲ್ಲುಗಳನ್ನು ಅದರಲ್ಲಿ ಎಣಿಸಬಹುದು. ಸಿಬಿಸಿಟಿ ಎಂಬುದು ಉದ್ದ, ಅಗಲ, ಆಳ ಮೂರನ್ನೂ ಕೊಡುತ್ತದೆ. ಅದಕ್ಕೆ ಕಿರಣವೂ ಹೆಚ್ಚು ಬೇಕು.

‘36’ ಎಂಬುದನ್ನು ಮೂವತ್ತಾರು ಎಂದಲ್ಲ, ಮೂರು-ಆರು ಎಂದು ಓದಬೇಕು. ಬಾಯನ್ನು ನಾಲ್ಕು ಭಾಗ ಮಾಡಿ, ಮೇಲಿನ ಬಲ 1, ಮೇಲಿನ ಎಡ 2, ಕೆಳಗಿನ ಎಡ 3, ಕೆಳಗಿನ ಬಲ 4 ಎಂದು ಎಣಿಸುತ್ತಾರೆ. ಹಾಲುಹಲ್ಲಿಗೆ ಅದೇ ಕ್ರಮದಲ್ಲಿ 5ರಿಂದ 8. ಎರಡನೆಯ ಅಂಕಿ ನಡುಗೆರೆಯಿಂದ ಎಷ್ಟನೆಯ ಹಲ್ಲು ಎಂಬುದು. ಹಾಗಾಗಿ 36 ಎಂದರೆ ಕೆಳಗಿನ ಎಡಗಡೆಯ ಆರನೆಯ ಹಲ್ಲು, ಮೊದಲ ಕಾಯಂ ದವಡೆಹಲ್ಲು. ಇದು ಸುಮಾರು ಆರನೆಯ ವಯಸ್ಸಿಗೆ ಹಾಲುಹಲ್ಲುಗಳ ಹಿಂದೆ, ಯಾವ ಹಲ್ಲೂ ಬೀಳದೆಯೇ ಮೂಡುತ್ತದೆ. ಇದನ್ನೂ ಹಾಲುಹಲ್ಲೆಂದೇ ತಿಳಿದು, ‘ಹೇಗೂ ಬಿದ್ದುಹೋಗುತ್ತದೆ’ ಎಂದು ಹುಳುಕನ್ನು ಅಲಕ್ಷಿಸುವ ಪೋಷಕರಿದ್ದಾರೆ. ಬಿದ್ದರೆ ಮತ್ತೆ ಬರುವ ಹಲ್ಲಲ್ಲ ಇದು. ಸಕಾಲದಲ್ಲಿ ತೆಗೆದ ಒಂದು ಚಿತ್ರ ಬಾಳಿಡೀ ಬೇಕಾದ ಹಲ್ಲನ್ನು ಉಳಿಸಬಲ್ಲದು.

ಚಿತ್ರ ನೆರಳಾದ್ದರಿಂದ ನೆರಳಿನ ದೋಷಗಳೂ ಅದಕ್ಕಿವೆ. ಮಧ್ಯಾಹ್ನದ ಬಿಸಿಲಿನಲ್ಲಿ ಮನುಷ್ಯನ ನೆರಳು ಗಿಡ್ಡ, ಸಂಜೆ ಉದ್ದ. ಕೊಳವೆಯನ್ನು ಅತಿ ಕಡಿದಾಗಿ ಹಿಡಿದರೆ ಹಲ್ಲು ಗಿಡ್ಡವಾಗಿ, ಅತಿ ಮಟ್ಟಸವಾಗಿ ಹಿಡಿದರೆ ಉದ್ದವಾಗಿ ಮೂಡುತ್ತದೆ. ಅಡ್ಡಕ್ಕೆ ಓರೆಯಾದರೆ ಪಕ್ಕದ ಹಲ್ಲುಗಳು ಒಂದರ ಮೇಲೊಂದು ಬಿದ್ದು ಸಂದಿಯೇ ಕಾಣದು. ಕಿರಣ ಫಿಲಂನ ಒಂದು ಭಾಗಕ್ಕೆ ತಾಗದಿದ್ದರೆ ಅಲ್ಲಿ ಬಿಳಿ ಕಮಾನು ಉಳಿಯುತ್ತದೆ. ಅದಕ್ಕೆ ‘ಕೋನ್ ಕಟ್’ ಎಂದು ಹೆಸರು. ಇಂಥ ಪ್ರತಿ ದೋಷದ ಬೆಲೆ ಇನ್ನೊಂದು ಎಕ್ಸ್-ರೇ. ಫಿಲಂ ಹಿಡಿಯಲು ಬೆರಳಿನ ಬದಲು ಹೋಲ್ಡರ್ ಬಳಸುವುದು, ‘ಅಲ್ಲಾಡಬೇಡ’ ಎನ್ನುವುದು ಇದಕ್ಕೇ.

ವೈದ್ಯರೇಕೆ ಹೊರಗೆ ಹೋದರು?

ವಿಕಿರಣ ಎಂಬುದು ಆಸ್ಪತ್ರೆಯಲ್ಲಿ ಮಾತ್ರ ಇರುವುದಲ್ಲ. ಮಣ್ಣು, ಕಲ್ಲು, ಆಕಾಶ, ಆಹಾರ ಎಲ್ಲದರಿಂದಲೂ ಪ್ರತಿಯೊಬ್ಬರಿಗೂ ತಗಲುತ್ತಲೇ ಇರುತ್ತದೆ. ಪ್ರಪಂಚದ ಸರಾಸರಿ ವರ್ಷಕ್ಕೆ ಸುಮಾರು 2.4 ಮಿಲಿ ಸೀವರ್ಟ್, ಅಂದರೆ ದಿನಕ್ಕೆ ಆರೂವರೆ ಮೈಕ್ರೋ ಸೀವರ್ಟ್. ಸರಿಯಾಗಿ ತೆಗೆದ ಒಂದು ಹಲ್ಲಿನ ಚಿತ್ರದಿಂದ ಬರುವುದು ಕೆಲವೇ ಮೈಕ್ರೋ ಸೀವರ್ಟ್. ಸುಮಾರು ಒಂದು ದಿನದ ಸಹಜ ಪಾಲು. ಓಪಿಜಿ ಎಂದರೆ ಕೆಲವು ದಿನಗಳದ್ದು. ಸಿಬಿಸಿಟಿ ಅದಕ್ಕಿಂತ ಹಲವು ಪಟ್ಟು, ಕೆಲವೊಮ್ಮೆ ಹತ್ತಾರು ಪಟ್ಟು.

ಈಗ ಮೊದಲಿನ ಪ್ರಶ್ನೆಗೆ ಉತ್ತರ ಸುಲಭ. ಮಗು ಆ ಕುರ್ಚಿಯಲ್ಲಿ ಕೂರುವುದು ವರ್ಷಕ್ಕೆ ಒಂದೋ ಎರಡೋ ಸಲ. ಅದೂ ಕಾರಣವಿದ್ದಾಗ, ಪ್ರಯೋಜನ ಮಗುವಿಗೇ. ವೈದ್ಯರು ಅದೇ ಗುಂಡಿಯನ್ನು ದಿನವೂ ಹಲವು ಸಲ, ವರ್ಷಗಟ್ಟಲೆ ಒತ್ತುತ್ತಾರೆ. ಅವರ ಮೈಗೆ ಬಿದ್ದ ಕಿರಣದಿಂದ ಯಾರಿಗೂ ಪ್ರಯೋಜನವಿಲ್ಲ. ಎರಡು ಮೀಟರ್ ದೂರ, ಇಲ್ಲವೇ ಒಂದು ಗೋಡೆಯ ಮರೆ, ಅವರನ್ನು ಕಾಯುತ್ತದೆ. ಕೆಲ್ಸ್‌ನ ಕೈಗೆ ಆದದ್ದು ಒಂದು ದೊಡ್ಡ ಏಟಿನಿಂದಲ್ಲ, ದಿನದಿನದ ಸಣ್ಣ ಏಟುಗಳಿಂದ.

ಹಾಗೆಂದು ಕಡಿಮೆ ಎಂದರೆ ಸೊನ್ನೆಯಲ್ಲ. ಬೆಳೆಯುವ ಮಕ್ಕಳ ಜೀವಕೋಶಗಳು ಹಿರಿಯರವುಗಳಿಗಿಂತ ಹೆಚ್ಚು ಸೂಕ್ಷ್ಮ. ಆದ್ದರಿಂದ ಪ್ರಪಂಚದಾದ್ಯಂತ ಒಪ್ಪಿರುವ ಸೂತ್ರ ‘ಅಲಾರಾ’: ಕೆಲಸ ಕೆಡದಂತೆ ಎಷ್ಟು ಕಡಿಮೆ ಸಾಧ್ಯವೋ ಅಷ್ಟು ಕಡಿಮೆ. ಭಾರತದಲ್ಲಿ ಎಕ್ಸ್-ರೇ ಯಂತ್ರಗಳ ಮೇಲ್ವಿಚಾರಣೆ 1983ರಲ್ಲಿ ಸ್ಥಾಪನೆಯಾದ ಪರಮಾಣು ಶಕ್ತಿ ನಿಯಂತ್ರಣ ಮಂಡಳಿಯದು. ಹಲ್ಲಿನ ಯಂತ್ರವೂ ಅದರ ವ್ಯಾಪ್ತಿಗೆ ಸೇರಿದ್ದು.

ಸೀಸದ ಏಪ್ರನ್ ಹೊದಿಸಲಿಲ್ಲವೆಂದು ಗಾಬರಿಯಾಗುವವರೂ ಇದ್ದಾರೆ. ಅಮೆರಿಕದ ದಂತವೈದ್ಯರ ಸಂಘ 2024ರಲ್ಲಿ, ಏಪ್ರನ್ ಮತ್ತು ಕೊರಳ ಪಟ್ಟಿಯ ರೂಢಿಯನ್ನು ಬಿಡಬಹುದೆಂದು ಸಲಹೆ ಮಾಡಿತು. ಡಿಜಿಟಲ್ ಸೆನ್ಸರ್, ಕಿರಿದಾದ ಕಿರಣ ಇವೇ ಹೆಚ್ಚು ಕಾಯುತ್ತವೆ. ಕೊರಳ ಪಟ್ಟಿ ಕಿರಣಕ್ಕೆ ಅಡ್ಡ ಬಂದು ಚಿತ್ರ ಕೆಟ್ಟರೆ ಮತ್ತೊಮ್ಮೆ ತೆಗೆಯಬೇಕಾಗುತ್ತದೆ ಎಂಬುದು ಅದರ ವಾದ. ಹಾಗೆಂದು ಹೊದಿಸಿದವರನ್ನು ಬೇಡವೆನ್ನಬೇಕಿಲ್ಲ. ಮೈಮೇಲಿನ ಹೊದಿಕೆಗಿಂತ ಯಂತ್ರದೊಳಗಿನ ತಡೆಯೇ ದೊಡ್ಡದು ಎಂದು ತಿಳಿದರೆ ಸಾಕು.

ಪೋಷಕರು ಸಂಕೋಚವಿಲ್ಲದೆ ಕೇಳಬಹುದಾದ ಮಾತುಗಳು ನಾಲ್ಕು. ಬಾಯಿ ನೋಡಿದ ಮೇಲೆ ಈ ಚಿತ್ರದಿಂದ ಹೊಸದಾಗಿ ಏನು ತಿಳಿಯಬೇಕಿದೆ? ಒಂದು ಐಓಪಿಎ ಸಾಕೆ, ಓಪಿಜಿಯೇ ಬೇಕೆ? ಯಂತ್ರದಲ್ಲಿ ಮಗುವಿಗೆ ತಕ್ಕ ಕಾಲ ಇಟ್ಟಿದ್ದಾರೆಯೆ? ಹಿಂದಿನ ಚಿತ್ರ ಇದ್ದರೆ ಅದರಲ್ಲೇ ಕೆಲಸ ಆಗುವುದೆ? ಗರ್ಭಿಣಿಯರು ಆ ವಿಷಯವನ್ನು ಮೊದಲೇ ತಿಳಿಸಬೇಕು. ಒಳ್ಳೆಯ ವೈದ್ಯರು ಈ ಪ್ರಶ್ನೆಗಳಿಗೆ ಬೇಸರಪಡುವುದಿಲ್ಲ.

ಕೊನೆಯದಾಗಿ ಒಂದು ಸಣ್ಣ ಕೆಲಸ. ತೆಗೆಸಿದ ಚಿತ್ರವನ್ನು ಕೇಳಿ ಪಡೆದು, ಒಂದು ಲಕೋಟೆಯಲ್ಲಿ ಹಾಕಿ, ಮೇಲೆ ಮಗುವಿನ ಹೆಸರು, ಹಲ್ಲಿನ ಸಂಖ್ಯೆ, ತಾರೀಖು ಬರೆದಿಡಬೇಕು. ಡಿಜಿಟಲ್ ಚಿತ್ರವಾದರೆ ಅದರ ಪ್ರತಿಯನ್ನು ಹಾಗೆಯೇ ಹೆಸರು ಕೊಟ್ಟು ಉಳಿಸಿಕೊಳ್ಳಬೇಕು. ಊರು ಬದಲಾದಾಗ, ವೈದ್ಯರು ಬದಲಾದಾಗ ಆ ಲಕೋಟೆ ಜೊತೆಗಿದ್ದರೆ ಅದೇ ಹಲ್ಲಿಗೆ ಮತ್ತೊಂದು ಎಕ್ಸ್-ರೇ ತಪ್ಪಬಹುದು. ಯಂತ್ರ ತಯಾರಿಸಿದವರು ಸೀಸ, ಅಲ್ಯೂಮಿನಿಯಂಗಳಿಂದ ಬೇಡದ ಕಿರಣವನ್ನು ತಡೆದಿದ್ದಾರೆ. ಉಳಿದದ್ದನ್ನು ಮನೆಯ ಕಪಾಟಿನಲ್ಲಿರುವ ಒಂದು ಲಕೋಟೆ ತಡೆಯುತ್ತದೆ.